ಹೊಟ್ಟೆಗೆ ಹಗುರ, ನೆತ್ತಿಗೆ?

ಮಿಲ್ಲರ್ ಲೈಟ್ ಬಿಯರು ಅಮೆರಿಕದ ಉದ್ದಗಲಕ್ಕೆ ಹರಡಿ ಐವತ್ತು ವರ್ಷ ದಾಟಿತು. ಅದು ಬಿಟ್ಟುಕೊಟ್ಟದ್ದು ಪಿಷ್ಟದ ಚೂರುಗಳನ್ನು, ಉಳಿಸಿಕೊಂಡದ್ದು ಆಲ್ಕೋಹಾಲನ್ನು. ನಮ್ಮೂರ ಕೌಂಟರಿನಲ್ಲಿ ಸಿಗುವ ‘ಲೈಟು’ ಇನ್ನೊಂದೇ ಕತೆ.

ಅಮೆರಿಕದ ಮಿಷಿಗನ್ ರಾಜ್ಯದ ಈಸ್ಟ್ ಲ್ಯಾನ್ಸಿಂಗ್. 1980ರ ದಶಕದ ನಡುಭಾಗ. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯ ತನ್ನ ಹಳೆಯ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವ ವಾರ್ಷಿಕ ಮೆರವಣಿಗೆ ಹೊರಟಿದೆ. ಕಾರಿನ ಹಿಂದಿನ ಸೀಟಿನಲ್ಲಿ ಕುಳಿತವರು ಬಬ್ಬಾ ಸ್ಮಿತ್. ಇದೇ ಕ್ಯಾಂಪಸ್ಸಿನಲ್ಲಿ ಆಡಿ ಬೆಳೆದ, ಆರು ಅಡಿ ಏಳು ಇಂಚು ಎತ್ತರದ ಫುಟ್‌ಬಾಲ್ ಆಟಗಾರ. ‘ಪೊಲೀಸ್ ಅಕಾಡೆಮಿ’ ಸಿನಿಮಾ ನೋಡಿದವರಿಗೆ ಅದರ ದೈತ್ಯ ಹೈಟವರ್ ನೆನಪಿರಬಹುದು. ಅವರೇ ಇವರು.

ರಸ್ತೆಯ ಎರಡೂ ಬದಿ ಜನ ಕಿಕ್ಕಿರಿದಿದ್ದರು. ತಂಡಕ್ಕೆ ಜೈಕಾರ ಹಾಕುತ್ತಾರೆ ಎಂದು ಸ್ಮಿತ್ ಕಾದರು. ಕೇಳಿಸಿದ್ದೇ ಬೇರೆ. ಒಂದು ಬದಿಯವರು ‘ರುಚಿ ಸೊಗಸು!’ ಎಂದರೆ ಎದುರು ಬದಿಯವರು ‘ಹೊಟ್ಟೆಗೆ ಹಗುರ!’ ಎಂದು ತಿರುಗಿ ಕೂಗುತ್ತಿದ್ದರು. ಕ್ರೀಡಾಂಗಣದ ಒಳಗೆ ಹೋದರೆ ಅಲ್ಲೂ ಅದೇ. ಕೂಗುತ್ತಿದ್ದ ಎಷ್ಟೋ ಹುಡುಗರು ಚೆನ್ನಾಗಿ ಕುಡಿದಿದ್ದರು.

ಅದು ಮಿಲ್ಲರ್ ಲೈಟ್ ಬಿಯರಿನ ಟಿ.ವಿ. ಜಾಹೀರಾತಿನ ಘೋಷಣೆ. ಅದನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಸ್ಮಿತ್ ಒಬ್ಬರು. ‘ಈ ಕ್ಯಾನನ್ನು ತೆರೆಯುವುದೂ ಸುಲಭ’ ಎನ್ನುತ್ತ ಕ್ಯಾನಿನ ಮೇಲ್ಭಾಗವನ್ನೇ ಕಿತ್ತೆಸೆಯುವ ಅವರ ದೃಶ್ಯ ಆಗ ಬಹಳ ಜನಪ್ರಿಯ. ಆದರೆ ಸ್ಮಿತ್ ಸ್ವತಃ ಕುಡಿಯುತ್ತಿರಲಿಲ್ಲ. ಆ ದಿನ ಕಂಡದ್ದು ಅವರ ಮನಸ್ಸು ಕಲಕಿತು. ಕೈತುಂಬ ಹಣ ತರುತ್ತಿದ್ದ ಜಾಹೀರಾತಿನ ಕೆಲಸವನ್ನು ಅವರು ಬಿಟ್ಟುಬಿಟ್ಟರು.

ಬಿಯರಿನ ಘೋಷಣೆಯೊಂದು ವಿಶ್ವವಿದ್ಯಾಲಯದ ಜೈಕಾರವಾಗುವಷ್ಟು ಬೆಳೆದದ್ದು ಹೇಗೆ? ಆ ಬಾಟಲಿಯಲ್ಲಿ ನಿಜಕ್ಕೂ ಕಡಿಮೆಯಿದ್ದದ್ದು ಏನು? ಇವೆರಡಕ್ಕೂ ಉತ್ತರ ಹುಡುಕಲು ಇನ್ನೂ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು.

ಬ್ರೂಕ್ಲಿನ್ನಿನ ಜೀವರಸಾಯನ ವಿಜ್ಞಾನಿ

ಜೋಸೆಫ್ ಓವೇಡ್ಸ್ ನ್ಯೂಯಾರ್ಕಿನಲ್ಲಿ 1919ರಲ್ಲಿ ಹುಟ್ಟಿದವರು. ಜೀವರಸಾಯನ ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಯೀಸ್ಟ್, ಹುದುಗುವಿಕೆಗಳ ಬೆನ್ನು ಹತ್ತಿದವರು. 1960ರ ದಶಕದಲ್ಲಿ ಅವರು ಬ್ರೂಕ್ಲಿನ್ನಿನ ರೈನ್‌ಗೋಲ್ಡ್ ಬಿಯರ್ ಕಾರ್ಖಾನೆಯಲ್ಲಿದ್ದರು. ‘ನೀವು ಬಿಯರ್ ಯಾಕೆ ಕುಡಿಯುವುದಿಲ್ಲ?’ ಎಂದು ಕುಡಿಯದವರನ್ನು ಕೇಳುವ ಅಭ್ಯಾಸ ಅವರಿಗೆ. ಬರುತ್ತಿದ್ದ ಉತ್ತರ ಎರಡೇ: ರುಚಿ ಹಿಡಿಸುವುದಿಲ್ಲ, ಇಲ್ಲವೇ ದಪ್ಪಗಾಗುವ ಭಯ.

ಎರಡನೆಯದಕ್ಕೆ ಪ್ರಯೋಗಾಲಯದಲ್ಲಿ ಪರಿಹಾರವಿತ್ತು. ಅದನ್ನು ತಿಳಿಯಲು ಬಿಯರ್ ತಯಾರಾಗುವ ಬಗೆಯನ್ನು ಸ್ವಲ್ಪ ನೋಡಬೇಕು.

ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್. ಅದನ್ನು ನುಚ್ಚು ಮಾಡಿ ಬಿಸಿನೀರಿನಲ್ಲಿ ಕದಡಿ ಇಟ್ಟರೆ, ಮೊಳಕೆಯಲ್ಲಿ ಹುಟ್ಟಿಕೊಂಡ ಕಿಣ್ವಗಳು ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುತ್ತವೆ. ಈ ಸಿಹಿನೀರಿಗೆ ಹಾಪ್ಸ್ ಹೂ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸುತ್ತಾರೆ. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಅದೇ ಬಿಯರ್.

ಆದರೆ ಯೀಸ್ಟಿಗೆ ಎಲ್ಲವನ್ನೂ ತಿನ್ನಲಾಗದು. ಪಿಷ್ಟದ ಅಣು ಕವಲೊಡೆದ ಸರಪಳಿ. ಮಾಲ್ಟಿನ ಕಿಣ್ವಗಳು ಉದ್ದನೆಯ ಸರಪಳಿಗಳನ್ನು ತುಂಡರಿಸುತ್ತವೆ, ಕವಲು ಸೇರುವ ಗಂಟಿನ ಹತ್ತಿರ ಬಂದಾಗ ನಿಲ್ಲುತ್ತವೆ. ಹಾಗೆ ಉಳಿದ ಚೂರುಗಳಿಗೆ ಡೆಕ್ಸ್ಟ್ರಿನ್ ಎಂದು ಹೆಸರು. ಯೀಸ್ಟ್ ಅವನ್ನು ಮುಟ್ಟುವುದಿಲ್ಲ. ಮಾಲ್ಟಿನಿಂದ ಕರಗಿ ಬಂದ ಸಾರದಲ್ಲಿ ಕಾಲುಭಾಗದಷ್ಟು ಹೀಗೆ ಬಿಯರಿನಲ್ಲೇ ಉಳಿದುಬಿಡುತ್ತದೆ. ಬಾಯಿಗೆ ಸಿಗುವ ಮಂದತೆಗೆ ಇವುಗಳದೂ ಪಾಲಿದೆ. ಯೀಸ್ಟಿಗೆ ದಕ್ಕದ ಡೆಕ್ಸ್ಟ್ರಿನ್ ನಮ್ಮ ಕರುಳಿಗೆ ದಕ್ಕುತ್ತದೆ; ಅಲ್ಲಿ ಅದು ಕ್ಯಾಲರಿಯಾಗುತ್ತದೆ.

ಓವೇಡ್ಸ್ ಹಿಡಿದದ್ದು ಅಮೈಲೊಗ್ಲುಕೊಸಿಡೇಸ್ ಎಂಬ ಕಿಣ್ವವನ್ನು. ಶಿಲೀಂಧ್ರಗಳಿಂದ ತೆಗೆಯುವ ಈ ಕಿಣ್ವ ಆ ಗಂಟುಗಳನ್ನೂ ಬಿಡಿಸುತ್ತದೆ. ಡೆಕ್ಸ್ಟ್ರಿನ್ ಪೂರ್ತಿ ಗ್ಲುಕೋಸ್ ಆಗುತ್ತದೆ, ಯೀಸ್ಟ್ ಅದನ್ನೂ ತಿಂದು ಮುಗಿಸುತ್ತದೆ. ಪಿಷ್ಟದ ಲವಲೇಶವೂ ಉಳಿಯದಷ್ಟು ಒಣಗಿದ ಬಿಯರ್ ಸಿದ್ಧ.

ಇಲ್ಲೊಂದು ತೊಡಕಿದೆ, ಲೈಟ್ ಬಿಯರಿನ ಗುಟ್ಟೆಲ್ಲ ಅದರಲ್ಲೇ ಇದೆ. ತಿನ್ನಲು ಹೆಚ್ಚು ಸಕ್ಕರೆ ಸಿಕ್ಕರೆ ಯೀಸ್ಟ್ ಹೆಚ್ಚು ಆಲ್ಕೋಹಾಲನ್ನೇ ಮಾಡುತ್ತದೆ. ಅಂದರೆ ಅಷ್ಟೇ ಮಾಲ್ಟ್ ಬಳಸಿದರೆ ಈ ಬಿಯರು ಮಾಮೂಲಿಗಿಂತ ಸ್ಟ್ರಾಂಗ್ ಆಗುತ್ತದೆ. ಆಲ್ಕೋಹಾಲಿಗೂ ಕ್ಯಾಲರಿ ಉಂಟು. ಹಾಗಾಗಿ ಒಂದೋ ಮೊದಲೇ ಮಾಲ್ಟ್ ಕಡಿಮೆ ಹಾಕಬೇಕು, ಇಲ್ಲವೇ ಗಟ್ಟಿ ಮಜ್ಜಿಗೆಯನ್ನು ತೆಳ್ಳಗೆ ಮಾಡುವ ಹಾಗೆ ಕೊನೆಗೆ ನೀರು ಬೆರೆಸಬೇಕು. ಲೈಟ್ ಬಿಯರ್ ಮಾಡುವವರು ಈ ಎರಡು ದಾರಿಗಳಲ್ಲಿ ಒಂದನ್ನು, ಕೆಲವೊಮ್ಮೆ ಎರಡನ್ನೂ ಹಿಡಿಯುತ್ತಾರೆ.

ಸೋತ ಬಿಯರು, ಗೆದ್ದ ಜಾಹೀರಾತು

1967ರಲ್ಲಿ ರೈನ್‌ಗೋಲ್ಡ್ ಇದನ್ನು ‘ಗ್ಯಾಬ್ಲಿಂಗರ್ಸ್ ಡಯಟ್ ಬಿಯರ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಇದೇ ಜಾಡಿನಲ್ಲಿ ಕೆಲಸ ಮಾಡಿದ್ದ ಸ್ವಿಸ್ ರಸಾಯನಶಾಸ್ತ್ರಜ್ಞ ಹರ್ಷ್ ಗ್ಯಾಬ್ಲಿಂಗರ್ ಹೆಸರು ಅದು. ಬಿಯರ್ ನೆಲಕಚ್ಚಿತು. ‘ಡಯಟ್’ ಎಂದರೆ ಪಥ್ಯ. ದುಡಿದು ಬಂದು ನಾಲ್ಕು ಜನರ ಜೊತೆ ಕೂತು ಕುಡಿಯುವವನು ಪಥ್ಯದ ಬಾಟಲಿಯನ್ನು ಕೈಯಲ್ಲಿ ಹಿಡಿಯಲು ಒಪ್ಪಲಿಲ್ಲ.

ಓವೇಡ್ಸ್ ತಮ್ಮ ಸಂಸ್ಥೆಯ ಒಪ್ಪಿಗೆ ಪಡೆದು ಆ ವಿಧಾನವನ್ನು ಷಿಕಾಗೋದ ಮೈಸ್ಟರ್ ಬ್ರಾವ್ ಕಂಪನಿಗೆ ಕೊಟ್ಟರು. ‘ಮೈಸ್ಟರ್ ಬ್ರಾವ್ ಲೈಟ್’ ಹುಟ್ಟಿತು. ಆ ಕಂಪನಿಯೂ ಸಾಲದಲ್ಲಿ ಮುಳುಗಿತು. 1972ರಲ್ಲಿ ಅದರ ಬ್ರಾಂಡುಗಳನ್ನು ಕೊಂಡದ್ದು ಮಿಲ್ವಾಕಿಯ ಮಿಲ್ಲರ್.

ಮಿಲ್ಲರಿನ ಒಡೆತನ ಆಗ ಸಿಗರೇಟು ಕಂಪನಿ ಫಿಲಿಪ್ ಮಾರಿಸ್ ಕೈಯಲ್ಲಿತ್ತು. ಈ ಕತೆಯ ತಿರುವು ಇಲ್ಲಿದೆ ಎಂದು ನನಗನ್ನಿಸುತ್ತದೆ. ಹೆಂಗಸರ ಸಿಗರೇಟು ಎಂದು ಹೆಸರಾಗಿದ್ದ ಮಾರ್ಲ್‌ಬರೋವನ್ನು ಕುದುರೆಯೇರಿದ ದನಗಾಹಿಯ ಬಾಯಿಗಿಟ್ಟು ಗಂಡಸರ ಸಿಗರೇಟಾಗಿ ಬದಲಿಸಿದವರು ಅವರೇ. ಅದೇ ಕೌಶಲವನ್ನು ಬಿಯರಿನ ಮೇಲೂ ಬಳಸಿದರು. ಪಥ್ಯದ ಮಾತನ್ನು ತೆಗೆದುಹಾಕಿದರು. ತೂಕ, ಸೊಂಟ, ಕ್ಯಾಲರಿಗಳ ಪ್ರಸ್ತಾಪವನ್ನು ಹಿಂದಕ್ಕೆ ಸರಿಸಿದರು. ಬದಲಿಗೆ ನಿವೃತ್ತ ಆಟಗಾರರನ್ನು ಬಾರಿನಲ್ಲಿ ಕೂರಿಸಿದರು. ಅರ್ಧ ಜನ ರುಚಿಗಾಗಿ, ಉಳಿದರ್ಧ ಹೊಟ್ಟೆ ಭಾರವಾಗದ್ದಕ್ಕಾಗಿ ಕುಡಿಯುತ್ತೇವೆಂದು ಜಗಳಕ್ಕೆ ನಿಂತರು.

‘ಹೊಟ್ಟೆಗೆ ಹಗುರ’ ಎಂಬ ಮಾತಿನ ಒಳಗೆ ಏನಿದೆ ಎಂದು ನಿಂತು ಯೋಚಿಸಬೇಕು. ಹೊಟ್ಟೆ ತುಂಬುವುದಿಲ್ಲ, ಆದ್ದರಿಂದ ಇನ್ನೊಂದಕ್ಕೆ ಜಾಗ ಇದೆ. ಕಡಿಮೆ ಕ್ಯಾಲರಿಯ ಪಾನೀಯವನ್ನು ಹೆಚ್ಚು ಕುಡಿಯುವ ಪಾನೀಯವಾಗಿ ಮಾರಿದ್ದು ಈ ಜಾಹೀರಾತು. ಈಸ್ಟ್ ಲ್ಯಾನ್ಸಿಂಗಿನ ಬೀದಿಯಲ್ಲಿ ಬಬ್ಬಾ ಸ್ಮಿತ್ ಕಂಡದ್ದು ಅದರ ಫಲವನ್ನೇ.

1973ರಲ್ಲಿ ಪ್ರಾಯೋಗಿಕ ಮಾರಾಟ, 1975ರಲ್ಲಿ ದೇಶಾದ್ಯಂತ ಬಿಡುಗಡೆ. 1970ರಲ್ಲಿ ಅಮೆರಿಕದ ಬಿಯರ್ ಕಂಪನಿಗಳ ಸಾಲಿನಲ್ಲಿ ಏಳನೆಯದಾಗಿದ್ದ ಮಿಲ್ಲರ್ ಆ ದಶಕ ಮುಗಿಯುವ ಮುನ್ನವೇ ಎರಡನೆಯ ಸ್ಥಾನಕ್ಕೆ ಬಂತು. 1978ರಲ್ಲಿ ಕೂರ್ಸ್ ಲೈಟ್ ಬಂತು. ದೊಡ್ಡಣ್ಣ ಆನ್‌ಹೈಸರ್-ಬುಷ್ 1982ರಲ್ಲಿ ಈಗ ಬಡ್ ಲೈಟ್ ಎನ್ನುವ ಬಿಯರನ್ನು ತಂದಿತು. 2001ರಲ್ಲಿ ಬಡ್ ಲೈಟ್ ತನ್ನದೇ ಮನೆಯ ಬಡ್‌ವೈಸರನ್ನು ಹಿಂದಿಕ್ಕಿ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಬಿಯರಾಯಿತು. ಆ ಪಟ್ಟ ಮೆಕ್ಸಿಕೋ ಮೂಲದ ಮೊಡೆಲೊ ಎಸ್ಪೆಷಲ್ ಪಾಲಾದದ್ದು 2023ರಲ್ಲಿ.

ಓವೇಡ್ಸ್ ಅವರನ್ನು ಲೈಟ್ ಬಿಯರಿನ ಪಿತಾಮಹ ಎಂದಷ್ಟೇ ನೆನೆಯುವುದು ಅನ್ಯಾಯ. ಅಮೆರಿಕದಲ್ಲಿ ದಟ್ಟ ರುಚಿಯ ಬಿಯರಿಗೆ ಮತ್ತೆ ಜೀವ ತಂದ ‘ಸ್ಯಾಮ್ಯುಯಲ್ ಆಡಮ್ಸ್ ಬಾಸ್ಟನ್ ಲಾಗರ್’ ರೂಪಿಸುವಾಗಲೂ ಸಲಹೆಗಾರರಾಗಿದ್ದವರು ಅವರೇ. ಅವರು ತೀರಿಕೊಂಡದ್ದು 2005ರಲ್ಲಿ.

ಚೌಕಟ್ಟು: 355 ಮಿ.ಲೀ. ಕ್ಯಾನಿನಲ್ಲಿ ಎಷ್ಟೆಷ್ಟು?
*(ಅಮೆರಿಕದ ಮಾರುಕಟ್ಟೆಯ ಬಿಯರುಗಳು)*
ಬಡ್‌ವೈಸರ್ (ಮಾಮೂಲಿ): ಆಲ್ಕೋಹಾಲ್ ಶೇ 5, ಕಾರ್ಬೊಹೈಡ್ರೇಟ್ 10.6 ಗ್ರಾಂ, 145 ಕ್ಯಾಲರಿ
ಬಡ್ ಲೈಟ್: ಶೇ 4.2, 6.6 ಗ್ರಾಂ, 110 ಕ್ಯಾಲರಿ
ಕೂರ್ಸ್ ಲೈಟ್: ಶೇ 4.2, 5 ಗ್ರಾಂ, 102 ಕ್ಯಾಲರಿ
ಮಿಲ್ಲರ್ ಲೈಟ್: ಶೇ 4.2, 3.2 ಗ್ರಾಂ, 96 ಕ್ಯಾಲರಿ
ಮಿಷೆಲೋಬ್ ಅಲ್ಟ್ರಾ: ಶೇ 4.2, 2.6 ಗ್ರಾಂ, 95 ಕ್ಯಾಲರಿ

ಉಳಿತಾಯ ಎಲ್ಲಿಂದ ಬಂತು?

ಈ ಅಂಕಿಗಳನ್ನು ಬಿಡಿಸಿ ನೋಡಿದರೆ ಲೈಟ್ ಬಿಯರಿನ ಬಗ್ಗೆ ಇರುವ ಅರ್ಧ ತಪ್ಪು ಕಲ್ಪನೆ ಕರಗುತ್ತದೆ.

ಒಂದು ಗ್ರಾಂ ಕಾರ್ಬೊಹೈಡ್ರೇಟಿಗೆ 4 ಕ್ಯಾಲರಿ. ಒಂದು ಗ್ರಾಂ ಆಲ್ಕೋಹಾಲಿಗೆ 7. ಶೇ 5ರ ಬಿಯರಿನ ಒಂದು ಕ್ಯಾನಿನಲ್ಲಿ ಸುಮಾರು 14 ಗ್ರಾಂ ಆಲ್ಕೋಹಾಲ್ ಇರುತ್ತದೆ. ಅದರಿಂದಲೇ 98 ಕ್ಯಾಲರಿ. ಅಂದರೆ ಮಾಮೂಲಿ ಬಿಯರಿನ ಕ್ಯಾಲರಿಯಲ್ಲಿ ಮೂರರಲ್ಲಿ ಎರಡು ಪಾಲು ಆಲ್ಕೋಹಾಲಿನದ್ದು. ಹೊಟ್ಟೆ ಬೆಳೆಸುವುದು ಬಾರ್ಲಿ ಎಂದು ದೂರುವವರು ಬಹಳ. ದೊಡ್ಡ ಪಾಲು ಬಾರ್ಲಿಯ ಹಿಟ್ಟಿನದ್ದಲ್ಲ.

ಈಗ ಮಿಲ್ಲರ್ ಲೈಟ್ ನೋಡಿ. ಶೇ 4.2 ಎಂದರೆ 12 ಗ್ರಾಂಗೆ ಸ್ವಲ್ಪ ಕಡಿಮೆ ಆಲ್ಕೋಹಾಲ್, ಸುಮಾರು 82 ಕ್ಯಾಲರಿ. ಒಟ್ಟು 96ರಲ್ಲಿ 82! ಬಿಯರ್ ಹಗುರವಾದಷ್ಟೂ ಅದರಲ್ಲಿ ಉಳಿಯುವ ಶಕ್ತಿ ಹೆಚ್ಚುಕಡಿಮೆ ಪೂರ್ತಿ ಆಲ್ಕೋಹಾಲಿನದ್ದೇ ಆಗುತ್ತದೆ. ಮಾಮೂಲಿಗೂ ಲೈಟಿಗೂ ನಡುವೆ ಇರುವ ಸುಮಾರು 50 ಕ್ಯಾಲರಿ ಅಂತರದಲ್ಲಿ 30ರಷ್ಟು ಡೆಕ್ಸ್ಟ್ರಿನ್ ತೆಗೆದದ್ದರಿಂದ, ಉಳಿದದ್ದು ಆಲ್ಕೋಹಾಲ್ ತುಸು ಇಳಿಸಿದ್ದರಿಂದ.

ಆಲ್ಕೋಹಾಲ್ ಇಳಿದದ್ದು ಶೇ 5ರಿಂದ ಶೇ 4.2ಕ್ಕೆ. ಆರನೇ ಒಂದು ಪಾಲಿನಷ್ಟು ಮಾತ್ರ. ಆರು ಲೈಟ್ ಕ್ಯಾನ್ ಕುಡಿದವನು ಐದು ಮಾಮೂಲಿ ಕ್ಯಾನ್ ಕುಡಿದಷ್ಟೇ ಆಲ್ಕೋಹಾಲ್ ಒಳಗಿಳಿಸಿರುತ್ತಾನೆ. ಎರಡು ಲೈಟ್ ಕುಡಿದರೆ ಕ್ಯಾಲರಿಯೂ ಒಂದು ಮಾಮೂಲಿಯನ್ನು ಮೀರುತ್ತದೆ.

ಮತ್ತೆ ಬಿಯರಿನ ಜೊತೆ ನೆಂಚಿಕೊಳ್ಳುವುದು ಬೇರೆ. ಬೆಂಗಳೂರಿನ ಬಾರುಗಳಲ್ಲಿ ಮೊದಲು ಬರುವುದೇ ಕಾಂಗ್ರೆಸ್ ಕಡ್ಲೆಬೀಜ ಅಥವಾ ಮಸಾಲೆ ಕಡ್ಲೆ. 50 ಗ್ರಾಂ ಕಡ್ಲೆಬೀಜದಲ್ಲಿ 280 ಕ್ಯಾಲರಿಗೂ ಹೆಚ್ಚು. ಲೈಟ್ ಬಿಯರಿನಿಂದ ಉಳಿಸಿದ ಐವತ್ತು ಆ ತಟ್ಟೆಯ ಮೊದಲ ಹಿಡಿಯಲ್ಲೇ ಕರಗಿಹೋಗುತ್ತದೆ.

ರುಚಿಯ ಮಾತು? ಡೆಕ್ಸ್ಟ್ರಿನ್ ಹೋದ ಮೇಲೆ ಬಾಯಿಗೆ ತೆಳ್ಳಗೆ ಅನ್ನಿಸುತ್ತದೆ. ಮಾಲ್ಟ್ ಕಡಿಮೆಯಾದಾಗ ಅದರ ಬ್ರೆಡ್ಡಿನಂಥ ಘಮವೂ ಇಳಿಯುತ್ತದೆ. ಹಿನ್ನೆಲೆಯಲ್ಲಿ ಸಿಹಿ ಇಲ್ಲದಿರುವಾಗ ಹಾಪ್ಸಿನ ಕಹಿ ಎದ್ದು ಕಾಣುವುದರಿಂದ ಅದನ್ನೂ ತಗ್ಗಿಸುತ್ತಾರೆ. ಕೊನೆಗೆ ಉಳಿಯುವುದು ನೊರೆ, ಗ್ಯಾಸು, ತಂಪು. ಐಸಿನಷ್ಟು ತಣ್ಣಗೆ ಕುಡಿಯಿರಿ ಎಂದು ಈ ಬಿಯರುಗಳು ಒತ್ತಿ ಹೇಳುವುದು ಸುಮ್ಮನೆ ಅಲ್ಲ: ತಣ್ಣಗಿದ್ದಾಗ ನಾಲಗೆಗೆ ರುಚಿಯ ಕೊರತೆ ತಿಳಿಯುವುದಿಲ್ಲ.

ಚೌಕಟ್ಟು: ಕಪ್ಪಗಿದ್ದರೆ ಭಾರವೇ?
ಐರ್ಲೆಂಡಿನ ಗಿನ್ನೆಸ್ ಡ್ರಾಫ್ಟ್ ಕಾಫಿ ಡಿಕಾಕ್ಷನ್ನಿನಷ್ಟು ಕಪ್ಪು, ನೊರೆ ಕೆನೆಯಂತೆ ದಪ್ಪ. ಅದನ್ನು ಊಟಕ್ಕೆ ಸಮವೆಂದು ನಂಬಿದವರಿದ್ದಾರೆ. ಅದರಲ್ಲಿ ಆಲ್ಕೋಹಾಲ್ ಶೇ 4.2, 355 ಮಿ.ಲೀ.ಗೆ ಸುಮಾರು 125 ಕ್ಯಾಲರಿ. ಹೊಂಬಣ್ಣದ ಬಡ್‌ವೈಸರಿಗಿಂತ ಕಡಿಮೆ. ಬಣ್ಣ ಬರುವುದು ಹುರಿದ ಬಾರ್ಲಿಯಿಂದ. ಕ್ಯಾಲರಿಗೂ ಬಣ್ಣಕ್ಕೂ ನಂಟಿಲ್ಲ.

‘ಲೈಟಾ, ಸ್ಟ್ರಾಂಗಾ?’

ಈಗ ನಮ್ಮ ಊರಿಗೆ ಬರೋಣ. ಏಪ್ರಿಲ್ ತಿಂಗಳ ಸಂಜೆ, ಬೆಂಗಳೂರಿನದೋ ಬಳ್ಳಾರಿಯದೋ ಒಂದು ವೈನ್‌ಶಾಪಿನ ಮುಂದೆ ನಿಲ್ಲಿ. ‘ಅಣ್ಣಾ, ಒಂದು ಬಿಯರ್’ ಎಂದರೆ ಜಾಲರಿಯ ಆಚೆಯಿಂದ ಬರುವ ಪ್ರಶ್ನೆ ಒಂದೇ: ‘ಲೈಟಾ, ಸ್ಟ್ರಾಂಗಾ?’

ಇಲ್ಲಿ ಕ್ಯಾಲರಿಯ ಮಾತೇ ಇಲ್ಲ. ಲೈಟ್ ಎಂದು ಕೇಳಿದರೆ ಕೈಗೆ ಬರುವುದು ಕಿಂಗ್‌ಫಿಷರ್ ಪ್ರೀಮಿಯಂ ಥರದ ಬಾಟಲಿ. ಆಲ್ಕೋಹಾಲ್ ಶೇ 5ರ ಒಳಗೆ. ಅಮೆರಿಕದವನ ಪಾಲಿಗೆ ಇದು ಮಾಮೂಲಿ ಬಿಯರ್. ಅದರ ಡೆಕ್ಸ್ಟ್ರಿನ್ ಅದರಲ್ಲೇ ಇದೆ, ಕ್ಯಾಲರಿಯೂ ಇದೆ. ಕೊಬ್ಬು ಕರಗಿಸುವ ಆಸೆಯಿಂದ ನಮ್ಮ ಕೌಂಟರಿನಲ್ಲಿ ಲೈಟ್ ಕೇಳುವವರು ಇದನ್ನು ತಿಳಿದಿರಬೇಕು.

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2018ರ ನಿಯಮಗಳೂ ಬಿಯರನ್ನು ಆಲ್ಕೋಹಾಲಿನ ಮೇಲೆಯೇ ವಿಂಗಡಿಸುತ್ತವೆ: ಶೇ 5ರವರೆಗೆ ಮಾಮೂಲಿ ಅಥವಾ ಮೈಲ್ಡ್, ಅದರಾಚೆ ಶೇ 8ರವರೆಗೆ ಸ್ಟ್ರಾಂಗ್. ಭಾರತದಲ್ಲಿ ಮಾರಾಟವಾಗುವ ಬಿಯರಿನಲ್ಲಿ ಬಹುಪಾಲು ಸ್ಟ್ರಾಂಗ್. ಜಗತ್ತಿನ ದೊಡ್ಡ ಮಾರುಕಟ್ಟೆಗಳಲ್ಲಿ ಹೀಗಿರುವುದು ವಿರಳ. ಅಮೆರಿಕ ಅರ್ಧ ಶತಮಾನ ಲೈಟಿನ ಕಡೆ ಹೊರಟಿದ್ದರೆ, 1915ರಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಯುನೈಟೆಡ್ ಬ್ರೂವರೀಸ್ ಸೇರಿದಂತೆ ನಮ್ಮ ಕಂಪನಿಗಳು ಬೆಳೆದದ್ದು ಸ್ಟ್ರಾಂಗ್ ಬಾಟಲಿಗಳ ಮೇಲೆ.

ಕಾರಣ ಊಹಿಸುವುದು ಕಷ್ಟವಲ್ಲ. ಇಲ್ಲಿ ಬಹಳ ಜನ ಬಿಯರಿಗೆ ಬಂದದ್ದು ಬ್ರಾಂದಿ, ವಿಸ್ಕಿ, ರಮ್ಮಿನ ಕಡೆಯಿಂದ. ಕೊಟ್ಟ ದುಡ್ಡಿಗೆ ಎಷ್ಟು ‘ಕಿಕ್’ ಎಂಬುದೇ ಅಳತೆ. ಅನೇಕ ರಾಜ್ಯಗಳು ಬಹುಕಾಲ ಬಿಯರಿನ ಮೇಲೆ ಅಬಕಾರಿ ಸುಂಕ ಹಾಕುತ್ತ ಬಂದದ್ದು ಲೀಟರ್ ಲೆಕ್ಕದಲ್ಲಿ, ಒಳಗಿನ ಆಲ್ಕೋಹಾಲಿನ ಲೆಕ್ಕದಲ್ಲಲ್ಲ. ಹಾಗಾದಾಗ ಲೈಟಿಗೂ ಸ್ಟ್ರಾಂಗಿಗೂ ಬೆಲೆಯಲ್ಲಿ ಹೆಚ್ಚು ಅಂತರ ಉಳಿಯುವುದಿಲ್ಲ, ಜೇಬು ನೋಡಿಕೊಂಡು ಬಂದವನ ಕೈ ತಾನಾಗಿ ಸ್ಟ್ರಾಂಗಿನತ್ತ ಹೋಗುತ್ತದೆ. ಸುಂಕವನ್ನು ಆಲ್ಕೋಹಾಲಿನ ಪ್ರಮಾಣಕ್ಕೆ ಕಟ್ಟಿಹಾಕಬೇಕು ಎಂಬ ವಾದವನ್ನು ನಾನು ಪೂರ್ತಿ ಒಪ್ಪುತ್ತೇನೆ. ಕುಡಿಯುವವರಿಗೆ ಬುದ್ಧಿ ಹೇಳುವುದಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಆಸ್ಟ್ರೇಲಿಯಾ ಇದಕ್ಕೆ ಉದಾಹರಣೆ. ಅಲ್ಲಿ ಲೈಟ್ ಎಂದರೆ ನಿಜಕ್ಕೂ ಆಲ್ಕೋಹಾಲ್ ಕಡಿಮೆ: ಸಾಮಾನ್ಯವಾಗಿ ಶೇ 3ರ ಒಳಗೆ. ರಸ್ತೆಯಲ್ಲಿ ಯಾರನ್ನು ಬೇಕಾದರೂ ನಿಲ್ಲಿಸಿ ಉಸಿರು ಊದಿಸುವ ತಪಾಸಣೆ ವಿಕ್ಟೋರಿಯಾ ರಾಜ್ಯದಲ್ಲಿ 1976ರಲ್ಲಿ, ನ್ಯೂ ಸೌತ್ ವೇಲ್ಸ್‌ನಲ್ಲಿ 1982ರಲ್ಲಿ ಶುರುವಾಯಿತು. ಕಡಿಮೆ ಆಲ್ಕೋಹಾಲಿನ ಬಿಯರಿಗೆ ಸುಂಕವೂ ಕಡಿಮೆ ಮಾಡಿದರು. ಕಾರು ಓಡಿಸಿಕೊಂಡು ಮನೆ ಸೇರಬೇಕಾದವರು ಆ ಬಾಟಲಿಯ ಕಡೆ ತಿರುಗಿದರು.

ಚೌಕಟ್ಟು: ದೇಶಕ್ಕೊಂದು ಲೈಟ್
ಅಮೆರಿಕ: ಕ್ಯಾಲರಿ ಕಡಿಮೆ, ಆಲ್ಕೋಹಾಲ್ ಸಾಮಾನ್ಯವಾಗಿ ಶೇ 4.2ರ ಆಸುಪಾಸು.
ಕೆನಡಾ: ಶೇ 2.6ರಿಂದ ಶೇ 4ರವರೆಗಿನ ಆಲ್ಕೋಹಾಲ್.
ಸ್ವೀಡನ್: ‘ಲೆಟ್ಟ್‌ಓಲ್’ ಎಂಬ ಲೈಟ್ ಬಿಯರಿನಲ್ಲಿ ಹೆಚ್ಚೆಂದರೆ ಶೇ 2.25.
ಐರೋಪ್ಯ ಒಕ್ಕೂಟ: ಆಹಾರ, ಪಾನೀಯದ ಮೇಲೆ ಪೌಷ್ಟಿಕತೆಯ ದೃಷ್ಟಿಯಿಂದ ‘ಲೈಟ್’ ಎಂದು ಬರೆಯಬೇಕಾದರೆ ಆ ಅಂಶ ಕನಿಷ್ಠ ಶೇ 30ರಷ್ಟು ಇಳಿದಿರಬೇಕು.
ಭಾರತ: ಕೌಂಟರಿನಲ್ಲಿ ಲೈಟ್ ಎಂದರೆ ಸ್ಟ್ರಾಂಗ್ ಅಲ್ಲದ್ದು, ಶೇ 5ರವರೆಗೆ.

650 ಮಿ.ಲೀ. ಬಾಟಲಿಯ ಲೆಕ್ಕ

ಅಮೆರಿಕದ ಕ್ಯಾನಿಗಿಂತ ನಮ್ಮ ಬಾಟಲಿ ದೊಡ್ಡದು ಎಂಬುದನ್ನೂ ಮರೆಯಬಾರದು. ಶೇ 5ರ ಬಿಯರಿನ 650 ಮಿ.ಲೀ. ಬಾಟಲಿಯಲ್ಲಿ ಸುಮಾರು 26 ಗ್ರಾಂ ಆಲ್ಕೋಹಾಲ್. ಅದೇ ಅಳತೆಯ ಬಾಟಲಿಯಲ್ಲಿ ಶೇ 8ರ ಸ್ಟ್ರಾಂಗ್ ಇದ್ದರೆ 41 ಗ್ರಾಂ; ಆಲ್ಕೋಹಾಲಿನಿಂದಲೇ 287 ಕ್ಯಾಲರಿ. ಒಂದು ಸ್ಟ್ರಾಂಗ್ ಬಾಟಲಿ ಕುಡಿದವನ ದೇಹಕ್ಕೆ ಹೋಗುವ ಆಲ್ಕೋಹಾಲ್ ಅಮೆರಿಕದ ಮೂರು ಲೈಟ್ ಕ್ಯಾನುಗಳಲ್ಲಿ ಇರುವುದಕ್ಕಿಂತ ಹೆಚ್ಚು. ‘ಒಂದೇ ಬಿಯರ್ ಕುಡಿದದ್ದು’ ಎಂಬ ಮಾತು ಹಾಗಾಗಿ ಏನನ್ನೂ ಹೇಳುವುದಿಲ್ಲ.

ಹಾಗಾದರೆ ಯಾವುದು ಒಳ್ಳೆಯದು? ತೂಕ ಇಳಿಸಬೇಕೆಂದು ಲೈಟ್ ಬಿಯರಿಗೆ ಹೋಗುವುದರಲ್ಲಿ ಹುರುಳಿಲ್ಲ. ಉಳಿಯುವುದು ಬಹಳ ಕಡಿಮೆ. ಆದರೆ ನಮ್ಮಲ್ಲಿ ಸ್ಟ್ರಾಂಗ್ ಬಿಟ್ಟು ಲೈಟಿಗೆ ಬರುವುದರಲ್ಲಿ ಹುರುಳಿದೆ, ಬಾಟಲಿಗಳ ಸಂಖ್ಯೆ ಏರದಿದ್ದರೆ. ಅಲ್ಲಿ ಇಳಿಯುವುದು ಆಲ್ಕೋಹಾಲೇ. ಕುಡಿಯದಿರುವವರು ಲೈಟ್ ತಾನೇ ಎಂದು ಶುರುಮಾಡುವುದಕ್ಕೆ ಇದು ಸಮರ್ಥನೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 1988ರಲ್ಲೇ ಮದ್ಯವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಬಾಟಲಿಯ ಮೇಲಿನ ಹೆಸರು ಏನೇ ಇರಲಿ, ಯಕೃತ್ತಿಗೆ ತಲುಪುವುದು ಗ್ರಾಂ ಲೆಕ್ಕ.

ಆದ್ದರಿಂದ ಕೊಳ್ಳುವವರಲ್ಲಿ ಒಂದು ಕೋರಿಕೆ. ಲೇಬಲ್ಲಿನ ದೊಡ್ಡ ಅಕ್ಷರಗಳನ್ನು ಬಿಟ್ಟು ಸಣ್ಣ ಅಕ್ಷರಗಳಲ್ಲಿ ಅಚ್ಚಾದ ಎರಡು ಅಂಕಿಗಳನ್ನು ಓದಿ: ಆಲ್ಕೋಹಾಲ್ ಶೇಕಡಾ ಎಷ್ಟು, ಮಿ.ಲೀ. ಎಷ್ಟು. ಎರಡನ್ನೂ ಗುಣಿಸಿ ನೂರರಿಂದ ಭಾಗಿಸಿದರೆ ಒಳಗಿರುವ ಶುದ್ಧ ಆಲ್ಕೋಹಾಲ್ ಎಷ್ಟು ಮಿ.ಲೀ. ಎಂದು ಸಿಗುತ್ತದೆ. ಅದನ್ನು 0.79ರಿಂದ ಗುಣಿಸಿದರೆ ಗ್ರಾಂ.

ವಾಹನ ಓಡಿಸುವವರಿಗೆ ಇನ್ನೊಂದು ಮಾತು. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಆಲ್ಕೋಹಾಲ್ ಇದ್ದರೆ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. 70 ಕಿಲೋ ತೂಕದ ಗಂಡಸು 650 ಮಿ.ಲೀ.ಯ ಒಂದೇ ಒಂದು ‘ಲೈಟ್’ ಬಾಟಲಿಯನ್ನು ಬೇಗ ಕುಡಿದು ಮುಗಿಸಿದರೂ ಈ ಮಿತಿಯನ್ನು ದಾಟಬಹುದು.